ಹುರುಳಿ ಪ್ರೋಟೀನು ಮತ್ತು ಸಹಿ ಹಾಕದ ಪೆನ್ನು

ನಮ್ಮ ಲ್ಯಾಬಿನ ಕಥೆ ಹೇಳುವವರೆಲ್ಲ ಒಂದೇ ಥರ ಹೇಳುತ್ತಾರೆ. ಮೊನ್ನೆ ಲ್ಯಾಬಿನ ಮುಖ್ಯಸ್ಥರಾದ ಹಾಲೇಶಪ್ಪ ಸರ್ ಅವರ ಬೀಳ್ಕೊಡುಗೆ ಸಭೆಯಲ್ಲಿ ಮೂವರು ಭಾಷಣಕಾರರು ಸಾಲಾಗಿ ನಿಂತು ಹೇಳಿದ್ದೂ ಅದನ್ನೇ. ದಾವಣಗೆರೆಯ ಒಂದು ಸಾಧಾರಣ ಕಾಲೇಜು, ಒಂದು ಸಾಧಾರಣ ಹುರುಳಿಕಾಳು. ಆ ಕಾಳಿನ ಪ್ರೋಟೀನನ್ನು ಕುದಿಸಿ ನೋಡಿದರು, ಅದು ಕೆಡಲಿಲ್ಲ. ಕಂಪ್ಯೂಟರಿನೊಳಗೂ ಕಾಯಿಸಿ ನೋಡಿದರು, ಅಲ್ಲೂ ಕೆಡಲಿಲ್ಲ. ಪ್ರಯೋಗವೂ ಕಂಪ್ಯೂಟರೂ ಒಂದೇ ಮಾತು ನುಡಿದವು, ಪಿಎಚ್.ಡಿ. ಮಾಡುತ್ತಿದ್ದ ನಸೀಮಾ ಅವರು ಡಾಕ್ಟರ್ ನಸೀಮಾ ಆದರು. ಚಪ್ಪಾಳೆ.

ಮಾನ್ಯ ಅಧ್ಯಕ್ಷರೇ, ನಾನು ಈ ವಿಷಯವನ್ನು ವಿರೋಧಿಸುತ್ತೇನೆ.

ವಿರೋಧಿಸುವುದು ನನ್ನ ಹಳೆಯ ಚಟ. ಹೈಸ್ಕೂಲಿನಿಂದ ಎಂ.ಎಸ್ಸಿ. ವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಇನ್ನೂ ಇವೆ. ದೊಡ್ಡದರಲ್ಲಿ ಅಮ್ಮ ಒಣಮೆಣಸಿನಕಾಯಿ ಇಟ್ಟಿದ್ದಾಳೆ, ಚಿಕ್ಕದರಲ್ಲಿ ಸೂಜಿದಾರ. ಏಳು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದು, ಮೂವತ್ತೆರಡನೇ ವಯಸ್ಸಿಗೆ ನಿವೃತ್ತಳಾದವಳು ನಾನು. ನಗಬೇಡಿ. ಪ್ರಾಜೆಕ್ಟ್ ಅಸಿಸ್ಟೆಂಟ್ ಅನ್ನುವ ಜೀವಿಯ ಆಯಸ್ಸು ಪ್ರಾಜೆಕ್ಟಿನಷ್ಟೇ. ಅದು ಮುಗಿದ ದಿನ ನನಗೂ 'ಕರ್ತವ್ಯದಿಂದ ಬಿಡುಗಡೆ' ಅನ್ನುವ ಪತ್ರ ಬಂತು. "ನಮ್ಮ ಮನೆಯಾಗ ಪೆನ್ಷನ್ ಇಲ್ದಂಗೆ ರಿಟೈರ್ ಆದಾಕಿ ನೀನೇ ಮೊದಲು" ಅಂದಳು ಅಮ್ಮ. ಈಗ ಕಾಲೇಜು ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಆದರೂ ಆ ಲ್ಯಾಬಿಗೆ ಹೊಸದಾಗಿ ಸೇರುವವರು ಹುಡುಕಿಕೊಂಡು ಬಂದು, "ಅಕ್ಕ, ಅಲ್ಲಿ ಕೆಲಸ ಹೆಂಗಿರುತ್ತೆ?" ಎಂದು ಕೇಳುತ್ತಾರೆ. ಭಾಷಣಗಳಲ್ಲಿ ಬಿಟ್ಟುಹೋದದ್ದನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಸಂದರ್ಶನದಿಂದಲೇ ಶುರುಮಾಡುತ್ತೇನೆ. ವಿದ್ಯಾನಗರದ ಕಾಲೇಜಿನ ಹಿಂಬದಿಯ ಆ ಕೋಣೆಯಲ್ಲಿ ಹಾಲೇಶಪ್ಪ ಸರ್ ಒಬ್ಬರೇ ಕೂತಿದ್ದರು. ಜೇಬಿನಲ್ಲಿ ಮೂರು ಪೆನ್ನು, ಮುಖದಲ್ಲಿ ಆಗಷ್ಟೇ ನಿದ್ದೆಯಿಂದ ಎದ್ದವರ ಶಾಂತಿ.

"ಪ್ರೋಟೀನ್ ಅಂದ್ರೆ ಏನಮ್ಮ?"

ನಾನು ಬಿಡದೆ ನಾಲ್ಕು ನಿಮಿಷ ಹೇಳಿದೆ. ಅದೊಂದು ಉದ್ದನೆಯ ಎಳೆ, ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ, ಆಕಾರ ಹೇಗೋ ಕೆಲಸ ಹಾಗೆ, ಇತ್ಯಾದಿ.

"ಚೆಂದ ಮಾತಾಡ್ತೀಯ. ಈಗ ನೀನು ಹೇಳಿದ್ದಕ್ಕೆ ನೀನೇ ಎದುರು ಮಾತಾಡು."

ನನಗೆ ಹಬ್ಬವಾಯಿತು. "ಪುಸ್ತಕದಲ್ಲಿ ಬರೆಯೋ ಆ ಆಕಾರಾನೇ ಸುಳ್ಳು ಸರ್. ಅದು ಫೋಟೋ. ನಿಜವಾದ ಪ್ರೋಟೀನು ಒಂದು ಕ್ಷಣಾನೂ ಸುಮ್ಮನಿರಲ್ಲ, ಅಲ್ಲಾಡ್ತಾನೇ ಇರುತ್ತೆ. ಫೋಟೋ ನೋಡಿ ಮನುಷ್ಯ ಎಂಥವನು ಅಂತ ಹೇಳಕ್ಕಾಗುತ್ತಾ?"

"ಸೋಮವಾರದಿಂದ ಬಾ" ಅಂದರು. ನಾನು ಅವತ್ತು ಹೇಳಿದ ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ನಮ್ಮ ಪ್ರೋಟೀನಿನ ಗುಣ ಇಷ್ಟು: ಅದು ಹುರುಳಿಯಲ್ಲಿದೆ, ಪುಟ್ಟದು, ಹೊಟ್ಟೆಗೆ ಹೋದರೆ ಅಲ್ಲಿನ ಜೀರ್ಣರಸದ ಕೈ ಹಿಡಿದು ನಿಲ್ಲಿಸುತ್ತದೆ. ಕೊಕ್ಕನೂರಿನ ಒಂದು ಹೊಲದ ಹುರುಳಿಯನ್ನೇ ನಾವು ಪ್ರತಿಸಲ ತರುತ್ತಿದ್ದೆವು, ಕಾಳಿನ ಜಾತಿ ಬೆರಕೆಯಾಗಬಾರದೆಂದು. ಮೊದಲ ಸಲ ಹೋದಾಗ ಆ ಹೊಲದ ಯಜಮಾನಿ, ಸೆರಗಿನಲ್ಲಿ ಕಾಳು ಹಿಡಿದುಕೊಂಡೇ ನನ್ನನ್ನು ವಿಚಾರಿಸಿಕೊಂಡಳು.

"ಇದನ್ನ ಒಯ್ದು ಏನ್ ಮಾಡ್ತೀರವ್ವಾ? ಸಾರು ಮಾಡಾಕಂತೂ ಅಲ್ಲ, ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತೈತೆ."

"ಹಸಿ ಹುರುಳಿ ಯಾಕೆ ಅರಗಲ್ಲ ಅಂತ ಕಂಡುಹಿಡೀತೀವಿ, ಅಜ್ಜಿ. ಕಂಪ್ಯೂಟರ್‌ನಲ್ಲಿ."

"ನಮ್ಮೆತ್ತು ಕಟ್ಟು ಬಿಚ್ಕೊಂಡು ಒಂದ್ಸಲ ಹಸಿ ಹುರುಳಿ ತಿಂದು ಹೊಟ್ಟೆ ಉಬ್ಬರಿಸ್ಕೊಂಡು ಮಲಗ್ತು. ಅದನ್ನ ಕೇಳಿದ್ರೆ ಹೇಳ್ತಿತ್ತಲ್ಲ! ಅದಕ್ಕೆ ತಾಸುಗಟ್ಲೆ ಬೇಯಿಸಿ ಹಾಕ್ತೀವಿ."

ನಮ್ಮ ಪ್ರಶ್ನೆಯೇ ಅದಾಗಿತ್ತು: ಬೇರೆ ಪ್ರೋಟೀನುಗಳು ಮೊಟ್ಟೆಯ ಬಿಳಿಯಂತೆ ಕಾವಿಗೆ ಬೇಗ ಕೆಟ್ಟುಹೋಗುತ್ತವೆ, ಈ ಮಹರಾಯ ಮಾತ್ರ ಯಾಕೆ ತಾಸುಗಟ್ಟಲೆ ಬೇಯಿಸಿಕೊಳ್ಳುತ್ತಾನೆ?

ಕಾಳಿನಿಂದ ಪ್ರೋಟೀನನ್ನು ಬೇರ್ಪಡಿಸುವವಳು ನಸೀಮಕ್ಕ. ನನಗಿಂತ ಮೂರು ವರ್ಷ ದೊಡ್ಡವಳು, ಪಿಎಚ್.ಡಿ. ಅವಳದು, ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹಿಟ್ಟು ಮಾಡಿ, ನೆನೆಸಿ, ಸೋಸಿ, ಗಾಜಿನ ಕೊಳವೆಗಳಲ್ಲಿ ಹನಿಹನಿ ಇಳಿಸಿ, ಒಂದೂವರೆ ತಿಂಗಳ ಕೆಲಸದ ಕೊನೆಗೆ ಅವಳ ಕೈಗೆ ಸಿಗುವುದು ಒಂದು ಚಿಕ್ಕ ಬೀಕರಿನಷ್ಟು ತಿಳಿ ದ್ರವ. ನೋಡುವುದಕ್ಕೆ ಥೇಟ್ ನೀರು. ಒಂದು ಬೆಳಿಗ್ಗೆ ಬಂದು ನೋಡಿದರೆ ಬೀಕರು ಫಳಫಳ ಹೊಳೆಯುತ್ತ ಬೋರಲಾಗಿ ಒಣಗುತ್ತಿದೆ.

ಸ್ವಚ್ಛತೆಯ ಮಲ್ಲಮ್ಮ ಹೆಮ್ಮೆಯಿಂದ ನಿಂತಿದ್ದಳು. "ಬರೇ ನೀರಿತ್ತವ್ವಾ, ಚೆಲ್ಲಿ ತೊಳೆದಿಟ್ಟೀನಿ. ಪಕ್ಕದಾಗಿದ್ದ ರಾಡಿ ಮಾತ್ರ ಮುಟ್ಟಿಲ್ಲ ನೋಡ್ರಿ, ಅದು ನಿಮ್ಮ ಸಾಮಾನು ಅಂತ ಗೊತ್ತೈತೆ."

ರಾಡಿ ಅಂದರೆ ನಾವು ಎಸೆಯಬೇಕಾಗಿದ್ದ ಹಿಟ್ಟಿನ ಚರಟ. ನಸೀಮಕ್ಕ ಎರಡು ನಿಮಿಷ ಸ್ಟೂಲಿನ ಮೇಲೆ ಕೂತಳು. ಆಮೇಲೆ ಎದ್ದು ಹೊಸ ಹುರುಳಿ ತೂಗಲು ಹೋದಳು. ಅವತ್ತಿನಿಂದ ನಮ್ಮ ಬೀಕರುಗಳ ಮೇಲೆ ಕನ್ನಡದಲ್ಲಿ ದಪ್ಪಗೆ ಒಂದು ಚೀಟಿ: 'ಇದು ನೀರಲ್ಲ.' ಒಂದು ವಾರದಲ್ಲಿ ಯಾರೋ ಅದೇ ಚೀಟಿಯನ್ನು ಹಾಲೇಶಪ್ಪ ಸರ್ ಕುಡಿಯುವ ಬಾಟಲಿಗೂ ಅಂಟಿಸಿದರು. ಯಾರೆಂದು ಈಗ ಹೇಳಬಹುದು: ನಾನೇ. ಸರ್ ಅದನ್ನು ಕೀಳಲಿಲ್ಲ. ನಾನಿದ್ದಷ್ಟು ವರ್ಷವೂ ಹಾಗೇ ಕುಡಿದರು.

ಸರ್ ಮಾಡಿದ ಒಂದು ರೂಢಿಯನ್ನು ಹೇಳಲೇಬೇಕು. ಶನಿವಾರ ಮಧ್ಯಾಹ್ನ ಮಂಡಕ್ಕಿ-ಮಿರ್ಚಿ ತರಿಸುತ್ತಿದ್ದರು. ಆ ವಾರ ಯಾರಿಗೆ ಒಳ್ಳೆಯ ಫಲಿತಾಂಶ ಬಂದಿದೆಯೋ ಅವರು ಅದನ್ನು ಹೇಳಬೇಕು, ಇನ್ನೊಬ್ಬರು ಅದನ್ನು ಕೆಡವಬೇಕು. ಇದಕ್ಕೆ 'ವಿರೋಧ ಪಕ್ಷ' ಅಂತಲೇ ಹೆಸರು. ಮಿರ್ಚಿ ಮುಗಿಯುವುದರೊಳಗೆ ಕೆಡವಲಾಗದಿದ್ದರೆ ಫಲಿತಾಂಶ ಪಾಸು. ನಾನು ಸೇರಿದ ಮೇಲೆ ಮಿರ್ಚಿ ಎರಡು ಪಟ್ಟು ತರಿಸಬೇಕಾಯಿತು. ನಸೀಮಕ್ಕ ಒಂದೊಂದು ಪ್ರಯೋಗವನ್ನೂ ನಾಲ್ಕು ಸಲ ಮಾಡಿಯೇ ಶನಿವಾರಕ್ಕೆ ಬರುತ್ತಿದ್ದಳು. "ನಿನ್ನ ಬಾಯಿಗೆ ಹೆದರಿ ನನ್ನ ಕೈ ಗಟ್ಟಿಯಾಯ್ತು ನೋಡು" ಅನ್ನುತ್ತಿದ್ದಳು. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ನನ್ನ ಸ್ವಂತ ಕೆಲಸ ಕಂಪ್ಯೂಟರಿನೊಳಗೆ. ಬಿಸಿಯಾಗಿ ಗುರುಗುಟ್ಟುವ ಆ ಯಂತ್ರಕ್ಕೆ ನಾವು 'ಎಮ್ಮೆ' ಅನ್ನುತ್ತಿದ್ದೆವು. ನಮ್ಮ ಪ್ರೋಟೀನಿಗೆ ಹತ್ತಿರದ ನೆಂಟನಾದ ಇನ್ನೊಂದು ಕಾಳಿನ ಪ್ರೋಟೀನಿನ ಆಕಾರ ಮೊದಲೇ ಗೊತ್ತಿತ್ತು. ಅದನ್ನು ಅಚ್ಚಾಗಿಟ್ಟುಕೊಂಡು ನಮ್ಮದರ ಆಕಾರ ಕಟ್ಟಿ, ಸುತ್ತಲೂ ಸಾವಿರಾರು ನೀರಿನ ಅಣು ತುಂಬಿ, ಲೆಕ್ಕದಲ್ಲೇ ಕಾವು ಕೊಡಬೇಕು. ಪ್ರತಿ ಪರಮಾಣು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಎಮ್ಮೆ ದಿನಗಟ್ಟಲೆ ಲೆಕ್ಕ ಹಾಕಿ ಕೊನೆಗೆ ಒಂದು ಗೆರೆ ಎಳೆಯುತ್ತದೆ. ಗೆರೆ ಮೇಲೇರಿದರೆ ಪ್ರೋಟೀನು ಸಡಿಲವಾಯಿತು ಎಂದರ್ಥ. ಸಪಾಟಾಗಿದ್ದರೆ ಗಟ್ಟಿ.

ಅದಕ್ಕೂ ಮುಂಚೆ ನಸೀಮಕ್ಕನ ಪ್ರಯೋಗ ಮುಗಿದಿತ್ತು. ಅವಳು ಪ್ರೋಟೀನನ್ನು ಕುದಿಯುವ ನೀರಿನಲ್ಲಿ ಅರ್ಧ ತಾಸು ಇಟ್ಟು ಪರೀಕ್ಷಿಸಿದ್ದಳು. ಜೀರ್ಣರಸವನ್ನು ಅದು ಮೊದಲಿನಂತೆಯೇ ತಡೆಯುತ್ತಿತ್ತು. ಒಂದು ಇಡೀ ಅಧ್ಯಾಯ ಅದರ ಮೇಲೇ ನಿಂತಿತ್ತು: ಈ ಪ್ರೋಟೀನು ಕಾವಿಗೆ ಬಿಚ್ಚಿಕೊಳ್ಳುವುದೇ ಇಲ್ಲ. ನನ್ನ ಗೆರೆ ಬಂತು. ಸಪಾಟು! ಅಳತೆಪಟ್ಟಿ ಇಟ್ಟು ಎಳೆದಂತೆ. ನಾವಿಬ್ಬರೂ ಕುಣಿದೆವು, ಮಲ್ಲಮ್ಮನಿಗೂ ಪೇಡ ಕೊಟ್ಟೆವು. ಆ ಶನಿವಾರ ವಿರೋಧ ಪಕ್ಷದವರು ಅರ್ಧ ಮಿರ್ಚಿಗೇ ಕೈಚೆಲ್ಲಿದರು. ಎಂದೂ ಯಾವುದನ್ನೂ ನಂಬದ ನಾನು ಅದನ್ನು ನಂಬಿದೆ, ಯಾಕೆಂದರೆ ಅದು ನಮ್ಮ ಪಕ್ಷದ ಮಾತಾಗಿತ್ತು. ಚರ್ಚೆ ಕಲಿತವರಿಗೆ ಅಂಟುವ ರೋಗವಿದು. ಎದುರಾಳಿಯ ಮಾತನ್ನಷ್ಟೇ ಸೋಸುತ್ತೇವೆ.

ಹಾಲೇಶಪ್ಪ ಸರ್ ಮಾತ್ರ ಎಮ್ಮೆಯ ಪರದೆಯ ಮೇಲೆ ಓಡುತ್ತಿದ್ದ ಪ್ರೋಟೀನಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಭಾಳ ಶಿಸ್ತಿನ ಪ್ರೋಟೀನಮ್ಮ ಇದು" ಅಂದರು. ಎದ್ದು ಹೋದರು.

ಮೂರು ತಿಂಗಳಲ್ಲಿ ಥೀಸಿಸ್ ಸಿದ್ಧವಾಯಿತು. ಸಲ್ಲಿಸಲು ನಸೀಮಕ್ಕನಿಗೆ ಅದೇ ಕೊನೆಯ ಗಡುವು. ಎರಡು ಸಲ ಮುಂದೂಡಿ ಆಗಿತ್ತು. ತಪ್ಪಿದರೆ ನೋಂದಣಿ ರದ್ದು, ಆರು ವರ್ಷ ನೀರುಪಾಲು. ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು, ಬೈಂಡಿಂಗ್ ಅಂಗಡಿಯಲ್ಲಿ ಕಪ್ಪು ರೆಕ್ಸಿನ್ ಆರಿಸಿಯಾಗಿತ್ತು. ಬೇಕಾಗಿದ್ದದ್ದು ಪ್ರಮಾಣಪತ್ರದ ಪುಟಕ್ಕೆ ಸರ್ ಅವರ ಒಂದು ಸಹಿ.

ಆ ಸಹಿ ಬೀಳಲೇ ಇಲ್ಲ. ಮೊದಲ ಸಲ ಕೇಳಿದಾಗ, "ಇಂಕು ಇಳೀತಿಲ್ಲಮ್ಮ, ನಾಳೆ ನೋಡೋಣ." ಎರಡನೇ ಸಲ, "ಈ ಪೆನ್ನು ಚುಚ್ಚುತ್ತೆ, ಕಾಗದ ಹರೀತೈತೆ." ನಸೀಮಕ್ಕ ಹೊಸ ಪೆನ್ನನ್ನೇ ಕೊಂಡು ತಂದುಕೊಟ್ಟಳು. "ಛಲೋ ಐತೆ" ಎಂದು ಅದನ್ನೂ ಜೇಬಿಗೆ ಸಿಕ್ಕಿಸಿಕೊಂಡರು. ಈಗ ನಾಲ್ಕು ಪೆನ್ನು. ಹೀಗೆ ಮೂರು ವಾರ. "ಮುದುಕರಿಗೆ ಸೋಮಾರಿತನ" ಎಂದು ನಾನು ವರಾಂಡದಲ್ಲಿ ನಿಂತು ಒಂದು ಭಾಷಣವನ್ನೇ ಮಾಡಿದೆ.

ಆ ಮೂರನೇ ವಾರದ ಗುರುವಾರ ಸರ್ ಕರೆದು, "ಈ ಶನಿವಾರ ಒಂದು ಬದಲಾವಣೆ. ಅನ್ನಪೂರ್ಣ, ನಿನ್ನ ಗೆರೆಗೆ ನೀನೇ ವಿರೋಧ ಪಕ್ಷ" ಅಂದರು.

"ಅದು ರೂಲ್ಸಿನಲ್ಲಿ ಇಲ್ಲ ಸರ್."

"ಇಂಟರ್ವ್ಯೂದಾಗೆ ಮಾಡಿದ್ದೆಯಲ್ಲ, ಹಂಗೇ ಮಾಡು."

ಶುಕ್ರವಾರ ಬೆಳಿಗ್ಗೆ ಕೂತೆ. ನನ್ನನ್ನು ನಾನೇ ಹೊಡೆಯಬೇಕಾದರೆ ಎಲ್ಲಿ ಹೊಡೆಯಲಿ ಎಂದು, ಎಮ್ಮೆಗೆ ನಾನು ಕೊಟ್ಟಿದ್ದ ಸೂಚನೆಗಳ ಕಡತವನ್ನು ತೆರೆದೆ. ಬರೆದ ಮೇಲೆ ಅದನ್ನು ಮತ್ತೆ ತೆರೆದದ್ದು ಅವತ್ತೇ. ಮೊದಲ ಸಾಲು ಓದಿದೆ. ಮತ್ತೊಮ್ಮೆ ಓದಿದೆ.

ವಿಷಯ ಹೀಗಿದೆ. ಹೊಸದಾಗಿ ತುಂಬಿದ ನೀರು ಮೊದಮೊದಲು ಗಲಾಟೆ ಮಾಡಿ ಪ್ರೋಟೀನಿಗೆ ಗುದ್ದುತ್ತದೆ. ಅದು ಸಮಾಧಾನವಾಗುವ ತನಕ ಪ್ರೋಟೀನಿನ ಒಂದೊಂದು ಪರಮಾಣುವನ್ನೂ ಕಾಣದ ಹಗ್ಗದಲ್ಲಿ ಇದ್ದಲ್ಲೇ ಕಟ್ಟಿಹಾಕುವುದು ಪದ್ಧತಿ. ನೀರು ತಣಿದ ಮೇಲೆ ಹಗ್ಗ ಬಿಚ್ಚಿ, ಆಮೇಲೆ ಕಾವು. ಕಟ್ಟು ಎನ್ನುವುದು ಕಡತದ ಒಂದು ಸಾಲು, ಬಿಚ್ಚುವುದು ಎಂದರೆ ಆ ಸಾಲನ್ನು ಅಳಿಸುವುದು. ನಾನು ಅಳಿಸಿರಲಿಲ್ಲ. ಮೂರು ತಿಂಗಳು ನಾವು ಕೊಂಡಾಡಿದ ಗಟ್ಟಿತನ ಪ್ರೋಟೀನಿನದಲ್ಲ, ಹಗ್ಗದ್ದು. ಗೂಟಕ್ಕೆ ಬಿಗಿದ ಎತ್ತನ್ನು ತೋರಿಸಿ, ಇದು ಓಡುವ ಜಾತಿಯೇ ಅಲ್ಲ ಎಂದು ಸಾರಿದ ಹಾಗೆ.

ಆ ಸಾಲು ನನ್ನ ಕಂಪ್ಯೂಟರಿನಲ್ಲಿತ್ತೇ ಹೊರತು ಥೀಸಿಸ್ಸಿನಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳುತ್ತಿರಲಿಲ್ಲ. ಇದನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ: ಅರ್ಧ ತಾಸು ನಾನು ಎರಡೂ ಪಕ್ಷದಲ್ಲಿ ವಾದ ಮಾಡಿಕೊಂಡೆ, ಸುಮ್ಮನಿರು ಎನ್ನುವ ಪಕ್ಷವೇ ಗೆಲ್ಲುತ್ತಿತ್ತು. ವಾದ ಮುಗಿಯುವ ಮೊದಲೇ ಎದ್ದು ಹರಿಹರದ ಬಸ್ಸು ಹತ್ತಿದೆ.

ನಸೀಮಕ್ಕನ ಅಬ್ಬಾ ತಕ್ಕಡಿ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ, ಗೋಡೆ ತುಂಬ ತೂಗುಬಿದ್ದ ತಟ್ಟೆಗಳು. ನಸೀಮಕ್ಕ ಒಳಗೆ ಚಾಪೆಯ ಮೇಲೆ ಪುಟಗಳ ಪ್ರೂಫ್ ನೋಡುತ್ತಿದ್ದಳು.

"ನಸೀಮಕ್ಕ, ಒಂದು ತಪ್ಪಾಗಿದೆ."

"ಯಾರದು?"

"ನಂದು."

ಅವಳು ತಲೆಯೆತ್ತಿದಳು. ನನ್ನ ಬಾಯಲ್ಲಿ ಆ ಪದವನ್ನು ಅವಳು ಕೇಳಿದ್ದು ಅದೇ ಮೊದಲು. ಹೇಳಿ ಮುಗಿಸುವ ತನಕ ಅವಳ ಬೆರಳು ಓದುತ್ತಿದ್ದ ಸಾಲಿನ ಮೇಲೇ ಇತ್ತು.

"ನೀನು ಹೇಳದೇ ಇದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಇಲ್ಲ ಅನ್ಸುತ್ತೆ."

"ಮತ್ತೆ ಯಾಕ ಬಂದೆ? ಆರು ವರ್ಷದಿಂದ ಬಾಯಿ ಮುಚ್ಚು ಮುಚ್ಚು ಅಂತ ಬಡ್ಕೊಂಡೆ, ಮುಚ್ಚಲಿಲ್ಲ. ಇವತ್ತೊಂದಿನ ಮುಚ್ಚಿದ್ರೆ ಏನಾಗ್ತಿತ್ತು ನಿನಗೆ?" ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇತ್ತು.

ಹೊರಗಿನಿಂದ ಅಬ್ಬಾ ಕೇಳಿದರು, "ಏನಾಯ್ತು ಬೇಟಿ?"

"ಅಬ್ಬಾ, ಅಲ್ಲಾಡಬೇಕಾಗಿದ್ದು ಅಲ್ಲಾಡ್ಲಿಲ್ಲ. ನಾವು ಅದನ್ನ ಗಟ್ಟಿ ಐತೆ ಅಂದ್ಕೊಂಡ್ವಿ."

"ಅರೆ, ತಕ್ಕಡಿ ಮುಳ್ಳು ಅಲ್ಲಾಡದೇ ಇದ್ರೆ ಸರಿ ಐತೆ ಅಂತಾರಾ ಯಾರಾದ್ರೂ? ಸಿಕ್ಕೊಂಡೈತೆ ಅಂತ ನನ್ನ ಹತ್ರ ತರ್ತಾರೆ."

"ಇದನ್ನ ಮೂರು ತಿಂಗಳ ಹಿಂದೆ ಹೇಳೋದಲ್ವಾ ಚಾಚಾ?" ಅಂದೆ.

"ಮೂರು ತಿಂಗಳ ಹಿಂದೆ ನೀನು ಚಾ ಕುಡಿಯಾಕೆ ಬಂದಿರಲಿಲ್ಲ. ಕೂಡು, ತರಿಸ್ತೀನಿ."

ಚಾ ಬಂತು. ನಸೀಮಕ್ಕ ಮೂಗು ಒರೆಸಿಕೊಂಡು ಹೇಳಿದಳು, "ನಿನ್ನ ಗೆರೆ ಹೋದ್ರೆ ಹೋಗ್ಲಿ. ನನ್ನ ಪ್ರಯೋಗ ಐತೆ. ನಾನೇ ಕುದಿಸೀನಿ, ನಾನೇ ಅಳೆದೀನಿ. ನಾಲ್ಕು ಸಲ."

ಬಾಯಿ ಮುಚ್ಚಬೇಕೆಂದಿದ್ದೆ, ಆಗಲಿಲ್ಲ. "ಯಾವಾಗ ಅಳೆದೆ?"

"ಅಂದ್ರೆ?"

"ಕುದೀತಿರುವಾಗಲೇ ಅಳೆದೆಯಾ?"

"ಅಷ್ಟು ಕಾವಿನಾಗೆ ಜೀರ್ಣರಸಾನೇ ಕೆಟ್ಟುಹೋಗುತ್ತೆ ಕಣೇ, ಹೆಂಗೆ ಅಳೀಲಿ? ಐಸಿನಾಗಿಟ್ಟು, ತಣ್ಣಗಾದ ಮೇಲೆ..." ಅಲ್ಲಿಗೆ ಅವಳೇ ನಿಂತಳು.

ಕುದಿಯುವಾಗ ಅದು ಹೇಗಿತ್ತು ಎಂದು ನಾವು ಯಾರೂ ನೋಡಿರಲೇ ಇಲ್ಲ. ಅವಳು ಆರಿದ ಮೇಲೆ ನೋಡಿದ್ದಳು, ನಾನು ಕಟ್ಟಿಹಾಕಿ ನೋಡಿದ್ದೆ. ಎರಡು ತಪ್ಪುದಾರಿಗಳು ಒಂದೇ ಊರಿಗೆ ತಲುಪಿದ್ದರಿಂದ ಅದನ್ನೇ ಸತ್ಯದ ಊರು ಎಂದುಕೊಂಡಿದ್ದೆವು.

ಶನಿವಾರ ನನ್ನ ವಿರುದ್ಧ ನಾನು ಮಾತಾಡಿದೆ. ನನ್ನ ಜೀವನದ ಅತ್ಯುತ್ತಮ ಭಾಷಣ, ಕಪ್ಪು ಸಿಗಲಿಲ್ಲ. ಎಲ್ಲರೂ ಮಿರ್ಚಿ ಕೈಯಲ್ಲೇ ಹಿಡಿದು ಕೂತಿದ್ದರು. ಹಾಲೇಶಪ್ಪ ಸರ್ ಪೂರ್ತಿ ಕೇಳಿ, ನಸೀಮಕ್ಕ ಕೊಟ್ಟಿದ್ದ ಪೆನ್ನು ತೆಗೆದು, ಮಂಡಕ್ಕಿ ಕಟ್ಟಿದ್ದ ಕಾಗದದ ಮೇಲೆ ಒಂದು ಹೆಸರು ಬರೆದು ಅವಳಿಗೆ ಕೊಟ್ಟರು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರೋಟೀನು ಕಾದಿರುವಾಗಲೇ ಅದರ ಆಕಾರ ಕೆಟ್ಟಿದೆಯೇ ಎಂದು ಬೆಳಕು ಹಾಯಿಸಿ ನೋಡುವ ಯಂತ್ರವಿತ್ತು. "ಬುಧವಾರ ಅಲ್ಲಿ ಜಾಗ ಖಾಲಿ ಐತಂತೆ. ಹೋಗಿ ಬಾ" ಅಂದರು. ಆ ಯಂತ್ರಕ್ಕೆ ಒಂದು ತಿಂಗಳು ಮೊದಲು ಕೇಳಿಕೊಳ್ಳಬೇಕೆಂಬುದು ನನಗೆ ಗೊತ್ತಿತ್ತು. ಹಾಗಾದರೆ ಸರ್ ಯಾವಾಗ ಕೇಳಿಕೊಂಡಿದ್ದರು ಎಂಬುದು ಅವತ್ತು ತಲೆಗೆ ಹೊಳೆಯಲಿಲ್ಲ.

ನಾನು ಹಗ್ಗ ಬಿಚ್ಚಿ ಎಮ್ಮೆಯನ್ನು ಮತ್ತೆ ಓಡಿಸಿದೆ, ಹನ್ನೊಂದು ದಿನ. ಒಂದು ಮಧ್ಯಾಹ್ನ ಕರೆಂಟು ಹೋಗಿ ಯುಪಿಎಸ್ ಕಿರುಚಲು ಶುರುಮಾಡಿದಾಗ ಮಲ್ಲಮ್ಮ ಪಕ್ಕದ ವಿಭಾಗದ ಜನರೇಟರಿನವನನ್ನು ಬೈದು ಬೈದು ವೈರು ಎಳೆಸಿದಳು. ಬೀಕರಿನ ಋಣ ಅವತ್ತು ತೀರಿತು. ಗೆರೆ ಬಂತು. ಸಪಾಟಾಗಿರಲಿಲ್ಲ. ಕಾವು ಏರಿದಂತೆ ಪ್ರೋಟೀನಿನ ಒಂದು ತೋಳು ಸಡಿಲವಾಗಿ ತೂಗಾಡಿತು, ನಡುವಿನ ಗಂಟುಗಳು ಮಾತ್ರ ಬಿಡಲಿಲ್ಲ. ಕಾವು ಇಳಿಸಿದರೆ ತೋಳು ಮೆಲ್ಲಗೆ ತನ್ನ ಜಾಗದ ಕಡೆ ಮರಳುತ್ತಿತ್ತು. ನಸೀಮಕ್ಕ ಬೆಂಗಳೂರಿನಿಂದ ಫೋನು ಮಾಡಿದಾಗ ಹಲೋ ಕೂಡ ಅನ್ನಲಿಲ್ಲ. "ಬಿಚ್ಕೊಳ್ತೈತೆ ಕಣೇ! ಬಿಚ್ಕೊಂಡು, ಆರಿದ ಮೇಲೆ ವಾಪಸ್ ಬರ್ತೈತೆ!" ಅಲುಗದ ವೀರನ ಕಥೆಗಿಂತ ಇದು ಎಷ್ಟೋ ಒಳ್ಳೆಯ ಕಥೆ. ಅಧ್ಯಾಯವನ್ನು ಹೊಸದಾಗಿ ಬರೆದಳು. ಗಡುವಿನ ದಿನ ಬೆಳಿಗ್ಗೆ ಸರ್ ಮುಂದೆ ಪುಟ ಇಟ್ಟಾಗ ಪೆನ್ನು ತಕರಾರಿಲ್ಲದೆ ಬರೆಯಿತು.

ಈಗಿನವರಿಗೆ ಇಷ್ಟು ಪಾಡಿಲ್ಲ. ಅಕ್ಷರಗಳ ಸರಣಿ ಕೊಟ್ಟರೆ ನಿಮಿಷಗಳಲ್ಲಿ ಆಕಾರ ಊಹಿಸುವ ಪ್ರೋಗ್ರಾಮ್ ಬಂದಿದೆ. ಭರವಸೆಯಿರುವ ಕಡೆ ನೀಲಿ, ಅನುಮಾನವಿರುವ ಕಡೆ ಹಳದಿ-ಕಿತ್ತಳೆ ಬಣ್ಣ ಹಚ್ಚಿಯೇ ಕೊಡುತ್ತದೆ. ತನ್ನ ಅನುಮಾನವನ್ನು ತಾನೇ ಹೇಳಿಕೊಳ್ಳುವ ಆ ಪ್ರೋಗ್ರಾಮಿನ ಮೇಲೆ ನನಗೆ ಗೌರವವಿದೆ. ನನಗದು ಬರುವುದಕ್ಕೆ ಆರು ವರ್ಷ ಬೇಕಾಯಿತು. ಹೊಸಬರು ನೀಲಿ ನೋಡಿ ಕುಣಿಯುವಾಗ ನಾನು ಕೇಳುವುದು ಒಂದೇ: ಕುಣಿಯುವ ಮೊದಲು ನಿಮ್ಮದೇ ಕಡತ ತೆರೆದು ನೋಡಿದ್ದೀರಾ?

ಬೀಳ್ಕೊಡುಗೆ ಸಭೆ ಮುಗಿದ ಮೇಲೆ ಸರ್ ಹಾರ ತೆಗೆದಿಟ್ಟು ಆ ಹಳೆಯ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. 'ಇದು ನೀರಲ್ಲ' ಚೀಟಿ ಅರ್ಧ ಹರಿದಿತ್ತು. ಡಾಕ್ಟರ್ ನಸೀಮಾ ನನ್ನ ಪಕ್ಕದಲ್ಲಿದ್ದಳು, "ಬ್ಯಾಡ ಬಿಡೇ" ಎಂದು ಮೊಣಕೈಯಲ್ಲಿ ತಿವಿದಳು. ಸರ್ ಅವರ ಜೇಬಿನಲ್ಲಿ ಅವತ್ತೂ ನಾಲ್ಕು ಪೆನ್ನುಗಳಿದ್ದವು. ನಾನು ಕೇಳಿಯೇಬಿಟ್ಟೆ:

"ಸರ್, ಆ ಹಗ್ಗ ನಿಮಗೆ ಮೊದಲ ದಿನವೇ ಕಂಡಿತ್ತು, ಅದರ ಬಗ್ಗೆ ನಾನು ವಾದ ಮಾಡಲ್ಲ. ಆದ್ರೆ ಒಂದು ಹೇಳಿ. ಗಡುವಿನ ದಿನದ ತನಕ ನಾನು ಬಾಯಿ ಬಿಡದೇ ಇದ್ದಿದ್ರೆ, ನಸೀಮಕ್ಕ ನಿಮ್ಮೆದುರು ಆ ಪುಟ ಹಿಡ್ಕೊಂಡು ನಿಂತಿದ್ರೆ, ಪೆನ್ನು ಬರೀತಿತ್ತಾ?"